ಗ್ರಂಥಕ್ಕೊಂದು ಅಂಗಿ

ಹೋದ ವಾರ ಗುಂಡಿಯ ಡಬ್ಬಿ ಕೆದಕುವಾಗ ತಳದಿಂದ ಭಂಡಾರದ, ದೇವರ ಅರಿಶಿನಪುಡಿಯ, ವಾಸನೆ ಬಂತು. ಕಾಗದದ ಸಣ್ಣ ಪೊಟ್ಟಣ. ಕಂಡ ಕೂಡಲೇ ಎದುರುಮನೆಯ ಕಂಪೌಂಡರ್ ಕಾಕಾ ನೆನಪಾದರು...

ನಿಪ್ಪಾಣಿಯ ನಮ್ಮ ಗಲ್ಲಿಯಲ್ಲಿ ಒಬ್ಬರೇ ಇದ್ದರು. ಕೊಂಕಣದ ಕಡೆಯ ಯಹೂದಿ. ಶನಿವಾರ ದವಾಖಾನೆಗೆ ಹೋಗುತ್ತಿರಲಿಲ್ಲ, ಒಲೆಯನ್ನೂ ಹಚ್ಚುತ್ತಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಬುದ್ಧಿ ನನ್ನದು. ಹೊಲಿಗೆ ಮಷೀನಿನ ಮುಂದೆ ಕೂತು ಕಿಟಕಿಯಿಂದ ಅವರ ಬಾಗಿಲನ್ನೇ ಕಾಯುತ್ತಿದ್ದೆ.

ಒಂದು ದಿನ ಅವರೇ ನೀಲಿ ಮಖಮಲ್ ಹಿಡಿದು ಬಂದರು. ಅಳತೆ ಎರಡು ವರ್ಷದ ಮಗುವಿನದು. ಆದರೆ ತೋಳು ಬೇಡ, ಕೊರಳು ಬೇಡ. ಮೇಲೆ ಮುಚ್ಚಿ ಎರಡು ತೂತು ಬಿಡಬೇಕಂತೆ!

“ಯಾವ ಕೂಸಿಗ್ರೀ ಕಾಕಾ?”

“ಕೂಸಿಗಲ್ಲವಾ, ನಮ್ಮ ತೋರಾ ಗ್ರಂಥಕ್ಕ. ನಮ್ಮ ಆಯಿ ಹೆಸರ್ಲೆ ಕೊಂಕಣದಾಗಿನ ನಮ್ಮ ಊರಿನ ಪ್ರಾರ್ಥನಾ ಮಂದಿರಕ್ಕ ಕೊಡಾಂವ ಅದೀನಿ.”

ಗ್ರಂಥಕ್ಕೆ ಅಂಗಿಯೇ? ಮಾಟದ ಗೊಂಬೆಗೇ ಇರಬೇಕು ಅನಿಸಿತು. ಹೊಲಿದ ಕೈಗೆ ಏನಾದರೂ ತಟ್ಟೀತೆಂದು ಹೆದರಿ, ಚಿಂಚಲಿಯ ಮಾಯಕ್ಕದೇವಿಯ ಭಂಡಾರವನ್ನು ಪೊಟ್ಟಣ ಕಟ್ಟಿ, ಗುಟ್ಟಾಗಿ ಒಳಪದರದ ಅಸ್ತರಿನೊಳಗೆ ಸೇರಿಸಿ ಹೊಲಿದುಬಿಟ್ಟೆ.

ಒಯ್ದ ನಾಲ್ಕನೇ ದಿನ ಕಾಕಾ ತಿರುಗಿ ಬಂದರು. ಕೈಯಲ್ಲಿ ಅದೇ ಭಂಡಾರ, ಹೊಸ ಕಾಗದದಲ್ಲಿ. ಅವರು ಬೈಯಲಿಲ್ಲ. ಹಳೆಯ ಫೋಟೋ ಒಂದನ್ನು ತೋರಿಸಿದರು: ಎರಡು ಕೋಲಿಗೆ ಸುತ್ತಿದ ದಪ್ಪ ಸುರುಳಿ, ಮೈತುಂಬ ಅಂಗಿ, ಮೇಲಿನ ತೂತುಗಳಿಂದ ಹೊರಬಂದ ಕೋಲಿನ ತುದಿಗಳು.

“ಚರ್ಮದ ಮ್ಯಾಲ ಕೈಲೆ ಬರದದ್ದವಾ ಇದು. ಅಕ್ಷರಕ್ಕ ಬೆರಳ ಹಚ್ಚಂಗಿಲ್ಲ, ಬೆಳ್ಳಿ ಕಡ್ಡಿ ಹಿಡದ ಓದತೇವಿ. ವರ್ಷಕ್ಕೊಮ್ಮೆ ಮುಗೀತೈತಿ, ಮುಗದ ದಿನಾನ ಮತ್ತ ಮೊದಲಿಂದ ಸುರು. ಇದರ ಅಂಗ್ಯಾಗ ಬ್ಯಾರೆ ದೇವರದ್ದು ಇಡಾಕ ಬರಂಗಿಲ್ಲ. ಹಂಗಂತ ನಿಮ್ಮ ಮಾಯಕ್ಕಂದು ಚೆಲ್ಲಾಕೂ ಮನಸ್ಸಾಗಲಿಲ್ಲ. ತಗೋ.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಆ ಅಂಗಿ ತರ್ರಿ ಕಾಕಾ, ಬಿಚ್ಚಿದ್ದು ಹೊಲದ ಕೊಡ್ತೀನಿ” ಅಂದೆ.

“ಬ್ಯಾಡವಾ. ನಾನ ಹೊಲಕೊಂಡೀನಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ; ಅದೇ ಇಂದಿಗೂ ಚುಚ್ಚುತ್ತದೆ. ಮುಂದೆ ಒಂದು ಷರ್ಟಿನ ಗುಂಡಿಯನ್ನೂ ಅವರು ನನ್ನಿಂದ ಹಾಕಿಸಿಕೊಳ್ಳಲಿಲ್ಲ. ತಪ್ಪಾಯಿತು ಎನ್ನಬೇಕೆಂದು ಎಷ್ಟೋ ಸಲ ಅವರ ಬಾಗಿಲವರೆಗೆ ಹೋಗಿ ತಿರುಗಿ ಬಂದೆ... ಒಂದು ಮಳೆಗಾಲ ಕಾಕಾ ತೀರಿಕೊಂಡರು.

ಪೊಟ್ಟಣವನ್ನು ಮತ್ತೆ ಡಬ್ಬಿಯಲ್ಲೇ ಇಟ್ಟೆ. ಈಗ ಗಿರಾಕಿಗಳು ನನ್ನ ಹೊಲಿಗೆಯನ್ನು ಬೆಳಕಿಗೆ ಹಿಡಿದು, ಅಸ್ತರು ತಿರುವಿ ನೋಡಿದರೆ ಮೊದಲಿನಂತೆ ಸಿಡುಕುವುದಿಲ್ಲ. ನೋಡಲಿ.