ಚಿಕ್ಕರಂಗಯ್ಯನ ಮೂಗು, ಚೆನ್ನಮ್ಮನ ಕೆಮ್ಮು

ಕಷ್ಟ ಬಂದರೆ ಮನುಷ್ಯನಿಗೆ ಬದುಕಿನ ಬೆಲೆ ಗೊತ್ತಾಗುತ್ತದೆ ಎಂಬ ಮಾತನ್ನು ಧರಣಿಯ ಚಪ್ಪರಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಒದೆ ತಿಂದವನು ಕುರ್ಚಿ ಸಿಕ್ಕ ಕೂಡಲೇ ಒದೆಯುವುದನ್ನೂ ನೋಡಿದ್ದೇನೆ. ಗುಬ್ಬಿ ಕಡೆಯ ಚಿಕ್ಕರಂಗಯ್ಯನ ಸಂಗತಿ ಮಾತ್ರ ಸ್ವಲ್ಪ ಬೇರೆ. ಅವನು ಕಳೆದುಕೊಂಡದ್ದು ಮೂಗನ್ನು. ಮುಖದ ಮೇಲೆ ಅದು ದಪ್ಪಗೆ ಕೂತೇ ಇದೆ, ವಾಸನೆ ಹಿಡಿಯುವುದನ್ನು ಬಿಟ್ಟಿದೆ ಅಷ್ಟೆ.

ತೆಂಗಿನ ತೋಟ, ರಾಗಿ ಹೊಲ ಇದ್ದರೂ ಅವನಿಗೆ ಹೆಸರು ತಂದದ್ದು ಬಾಡೂಟದ ಅಡಿಗೆ. ತುಮಕೂರಿನಲ್ಲಿ ನಾವು ರೈತರು ಧರಣಿ ಕೂತಾಗಲೂ ಮುದ್ದೆ, ಸಾರು ಅವನದೇ. ಅರ್ಧ ಜನ ನಮ್ಮ ಬೇಡಿಕೆಗೆ ಬರುತ್ತಿದ್ದರು, ಅರ್ಧ ಜನ ಅವನ ಸಾರಿಗೆ. ಯಾವ ಅರ್ಧ ದೊಡ್ಡದು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಅವನದೊಂದು ಕಟ್ಟಳೆ ಇತ್ತು. ಮನೆದೇವರಿಗೆ ಎಡೆ ಇಡುವ ಮುಂಚೆ ಸಾರನ್ನು ಯಾರೂ ರುಚಿ ನೋಡಬಾರದು, ಅಡಿಗೆಯವನೂ ನೋಡಬಾರದು. ಉಪ್ಪು ಅಂಗೈಯ ಅಂದಾಜು, ಮಿಕ್ಕದ್ದೆಲ್ಲ ಮೂಗಿನ ಅಂದಾಜು. ಕೊಪ್ಪರಿಗೆಯ ಹಬೆಗೆ ಮುಖವೊಡ್ಡಿ, ಕಣ್ಣು ಮುಚ್ಚಿ, "ಇನ್ನೊಂಚೂರು ಖಾರ ಕೇಳ್ತದೆ" ಅನ್ನುತ್ತಿದ್ದ. ಯಾರಾದರೂ ಸೌಟಿಗೆ ನಾಲಿಗೆ ಹಚ್ಚಲು ಹೋದರೆ ಬೈಗುಳ ಸಿದ್ಧ: "ಸೌಟು ನೆಕ್ಕಿ ನೋಡೋನು ಅಡಿಗೆಯೋನಲ್ಲ ಕಣ್ಲಾ, ನಾಯಿ."

ಹೆಂಗಸರು ಒಲೆಯ ಹತ್ತಿರ ಸುಳಿಯುವ ಹಾಗಿಲ್ಲ ಎಂಬುದು ಅವನೇ ಸೇರಿಸಿಕೊಂಡ ಇನ್ನೊಂದು ಕಟ್ಟಳೆ. ಹಿಂದಿನ ದಿನವೆಲ್ಲ ಮಸಾಲೆ ಹುರಿದು ರುಬ್ಬಿ ಕಳಿಸುತ್ತಿದ್ದವಳು ಹೆಂಡತಿ ಚೆನ್ನಮ್ಮ. ಹೊಗಳಿಕೆ ಪೂರ್ತಿ ಇವನಿಗೆ. ಅದರಲ್ಲಿ ಒಂದು ಚೂರನ್ನೂ ಅವನು ಮನೆಗೆ ಒಯ್ದವನಲ್ಲ.

ಕೊರೊನಾ ಬಂದು ಹೋಯಿತು. ಊರಿನವರಿಗೆಲ್ಲ ವಾಸನೆ ತಿರುಗಿ ಬಂತು, ಇವನಿಗೆ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಅಡಿಗೆಗೆ ಕರೆದರೆ ಮಂಡಿ ನೋವು ಅಂದ. ಒಂದು ಬೆಳಿಗ್ಗೆ ಚೆನ್ನಮ್ಮ ಹಿತ್ತಿಲಿನಿಂದ ಬಂದು ನೋಡಿದರೆ ಹಾಲು ಸೀದು ಪಾತ್ರೆ ಕರಕಲಾಗಿದೆ, ಒಲೆಯ ಮಗ್ಗುಲಲ್ಲೇ ಗಂಡ ಕೂತಿದ್ದಾನೆ.

"ಏನಯ್ಯ, ಊರೆಲ್ಲ ಸೀದ ವಾಸ್ನೆ, ಇಲ್ಲೇ ಕುಂತಿದ್ದೀಯ?"

"ಪೇಪರ್ ಓದ್ತಿದ್ದೆ."

"ಮೂಗ್ನಾಗೆ ಓದ್ತಿದ್ಯಾ?"

ಅವನು ಪೇಪರು ಮಡಚಿದ. ಅವಳಿಗೆ ಎಲ್ಲ ಅರ್ಥವಾಗಿ, ಕಂಬ ಹಿಡಿದುಕೊಂಡು ನಕ್ಕಳು. ಆಮೇಲೆ ಅವಳೂ ಯಾರಿಗೂ ಹೇಳಲಿಲ್ಲ. ಹೊಟ್ಟೆಯುರಿ ಎಂದು ಡಾಕ್ಟರು ಬೇರೆ ಖಾರ ಬಿಡಿಸಿದ್ದರು. ಅವನ ಪಾಲಿಗೆ ಊಟ ಅಂದರೆ ಒದ್ದೆ ಮಣ್ಣು ನುಂಗಿದ ಹಾಗೆ.

ಹೀಗಿರುವಾಗ ಮರಳೂರಿನಲ್ಲಿರುವ ಮಗಳ ಮಗಳು ಮಾನಸಳಿಗೆ ಮದುವೆಯಾಯಿತು. ಗಂಡಿನವರು ಕುಣಿಗಲ್ ಕಡೆಯವರು, ಮಾರ್ಕೋನಹಳ್ಳಿ ನಾಲೆಯ ನೀರಲ್ಲಿ ಭತ್ತ ಬೆಳೆಯುವವರು. ಬೀಗರೂಟ ಚಿಕ್ಕರಂಗಯ್ಯನ ತೋಟದಲ್ಲೇ ಎಂದಾಯಿತು.

ಅಳಿಯ ಕೃಷ್ಣಕುಮಾರ್ ಮೆಲ್ಲಗೆ ಮಾತು ತೆಗೆದ: "ಮಾವ, ಅಡಿಗೆ ಕಾಂಟ್ರ್ಯಾಕ್ಟ್ ಕೊಟ್ಬಿಡಾಣ. ನಿಮ್ಗೆ ಮಂಡಿ ನೋವು ಬೇರೆ."

"ನನ್ ಮೊಮ್ಮಗಳ ಬೀಗರೂಟಕ್ಕೆ ಯಾವನೋ ಬಂದು ಸೌಟು ಹಿಡೀತಾನಾ? ನಾನೇನ್ ಸತ್ತಿದೀನಾ?"

ಅಂದವನು ಅಂದುಬಿಟ್ಟ. ಸಾರು ಕೆಟ್ಟರೆ ಸೌಟು ಶಾಶ್ವತವಾಗಿ ಕೆಳಗಿಡಬೇಕು. ಮೊಮ್ಮಗಳಂತೂ ಅತ್ತೆ ಮನೆಯಲ್ಲಿ ಜೀವಮಾನವಿಡೀ ಅದನ್ನು ಕೇಳಿಸಿಕೊಳ್ಳಬೇಕು. ಅವತ್ತು ಮೊದಲ ಸಲ ಗಂಡ ಹೆಂಡತಿಯನ್ನು ಕೇಳಿದ: "ಏನ್ ಮಾಡಾಣ?"

ಚೆನ್ನಮ್ಮ ಉಪಾಯ ಹೇಳಿದಳು. ಒಲೆಯಿಂದ ಮಾರು ದೂರದಲ್ಲಿ, ಗಾಳಿ ಬೀಸುವ ದಿಕ್ಕಿಗೆ ಕುರ್ಚಿ ಹಾಕಿಕೊಂಡು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂರುತ್ತಾಳೆ. ಒಂದು ಸಲ ಕೆಮ್ಮಿದರೆ ಒಂದು ಹಿಡಿ ಖಾರದ ಪುಡಿ. ಎದ್ದು ನಿಂತರೆ, ಖಾರ ಸಾಕು, ನಿಲ್ಲಿಸು ಅಂತ.

ಬೆಳಿಗ್ಗೆಯೇ ಒಲೆ ಹೊತ್ತಿತು. ಮಸಾಲೆ ಬಿತ್ತು, ಬಾಡು ಕುದಿಯಿತು. ಚೆನ್ನಮ್ಮ ಮೂಗರಳಿಸಿ ಒಂದು ಸಲ ಕೆಮ್ಮಿದಳು. ಚಿಕ್ಕರಂಗಯ್ಯ ಹಬೆಗೆ ಮುಖವೊಡ್ಡಿ, ಕಣ್ಣು ಮುಚ್ಚಿ, ಥೇಟ್ ಹಿಂದಿನಂತೆ, "ಇನ್ನೊಂಚೂರು ಖಾರ ಕೇಳ್ತದೆ" ಅಂದ. ನಾವೆಲ್ಲ ತಲೆದೂಗಿದೆವು.

ಅಷ್ಟರಲ್ಲಿ ಅಡಿಗೆಗೆ ಜೊತೆಗಾರನಾಗಿದ್ದ ಕಾಂತೇಶ್ ಹಸಿ ತೆಂಗಿನ ಮಟ್ಟೆಗಳನ್ನು ತಂದು ಒಲೆಗೆ ತುರುಕಿದ. ದಟ್ಟ ಹೊಗೆ ಎದ್ದು ನೇರ ಚೆನ್ನಮ್ಮನ ಮುಖಕ್ಕೇ ಹೋಯಿತು. ಅವಳು ಕೆಮ್ಮಿದಳು. ಇವನು ಒಂದು ಹಿಡಿ ಹಾಕಿದ. ಮತ್ತೆ ಕೆಮ್ಮಿದಳು, ಮತ್ತೊಂದು ಹಿಡಿ. ಅವಳು ಬಗ್ಗಿ ಕೆಮ್ಮುತ್ತಲೇ ಇದ್ದಳು, ಏಳಲು ಆಗುತ್ತಿಲ್ಲ. ಇವನು ನಿಷ್ಠೆಯಿಂದ ಹಾಕುತ್ತಲೇ ಇದ್ದ.

"ಅಣ್ಣ, ಬೀಗರನ್ನ ಸಾಯಿಸೋ ಪ್ಲಾನ್ ಏನಾದ್ರೂ ಐತಾ?" ಕಾಂತೇಶ್ ಕೇಳಿದ.

ಕೊನೆಗೆ ಚೆನ್ನಮ್ಮ ಕಣ್ಣೊರೆಸಿಕೊಳ್ಳುತ್ತಾ ಓಡಿಬಂದು ಅವನ ಕೈ ಹಿಡಿದಳು. "ಬುಡಯ್ಯ. ಅದು ಹೊಗೆ ಕೆಮ್ಮು ಕಣಯ್ಯ."

ಕೊಪ್ಪರಿಗೆಯ ಸಾರು ಕೆಂಡದ ಬಣ್ಣಕ್ಕೆ ತಿರುಗಿತ್ತು. ಚಿಕ್ಕರಂಗಯ್ಯ ನಿಂತಲ್ಲೇ ನಿಂತ. ಚೆನ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಕೈಯಿಂದ ಸೌಟು ಕಿತ್ತುಕೊಂಡಳು. "ಕಾಯಿ ಒಡೀರಲೇ. ತೋಟ ಇಟ್ಕೊಂಡು ಮೂರ್ತಿ ಥರ ನಿಂತವ್ರೆ." ಕೈಗೆ ಸಿಕ್ಕವರೆಲ್ಲ ಕಾಯಿ ತುರಿದೆವು, ರುಬ್ಬಿದೆವು, ಹಾಲು ಹಿಂಡಿದೆವು. ಅಳಿಯ ಇಸ್ತ್ರಿ ಪ್ಯಾಂಟಿನಲ್ಲೇ ನೆಲಕ್ಕೆ ಕೂತು ತುರಿದ. ಕಾಯಿ ಹಾಲು ಹೋಗಿ ಖಾರದ ಬೆಂಕಿ ತಕ್ಕಮಟ್ಟಿಗೆ ಇಳಿಯಿತು. ಪೂರ್ತಿ ಇಳಿಯಲಿಲ್ಲ.

ಎಡೆ ಆಯಿತು, ಎಲೆ ಬಿತ್ತು. ಗಂಡಿನ ಅಪ್ಪ ವೆಂಕಟರಂಗಯ್ಯ ಮೊದಲ ತುತ್ತು ನುಂಗಿದರು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ಟವೆಲ್ಲಿನಿಂದ ಮೂಗೊರೆಸಿಕೊಂಡರು. ಸಾಲಿಗೆ ಸಾಲೇ ಅವರ ಬಾಯಿಯನ್ನೇ ನೋಡುತ್ತಿತ್ತು.

"ಇನ್ನೊಂದ್ ಮುದ್ದೆ ಹಾಕ್ರಪ್ಪ," ಅಂದರು. "ಸಾರೂ ಬುಡಿ. ನಮ್ ನಾಲೆ ಕಡೆ ಎಲ್ಲ ಸಪ್ಪೆ ಕಣ್ರೀ."

ನಗು ಎದ್ದಿತು. ಆ ಗದ್ದಲದಲ್ಲಿ ಚಿಕ್ಕರಂಗಯ್ಯ ಡಾಕ್ಟರ ಮಾತನ್ನು ಪಕ್ಕಕ್ಕಿಟ್ಟು ಒಲೆಯ ಹತ್ತಿರವೇ ಕುಕ್ಕರಗಾಲಲ್ಲಿ ಕೂತು ಸಾರು ಸುರಿದುಕೊಂಡು ಉಂಡ. ಎರಡನೆಯ ತುತ್ತಿಗೆ ಕೈ ನಿಂತಿತು.

"ಚೆನ್ನಿ, ಉರೀತದೆ ಕಣೇ."

"ಉರೀದೆ ಇನ್ನೇನಯ್ಯ? ಬೆಲ್ಲ ತರ್ಲಾ?"

"ಬ್ಯಾಡ ಬ್ಯಾಡ. ಗೊತ್ತಾಯ್ತದೆ. ನಾಲಿಗೆ ಮೇಲೆ ಏನೋ ಐತೆ ಅಂತ ಗೊತ್ತಾಯ್ತದೆ." ಕಿವಿಯವರೆಗೆ ಕೆಂಪಾಗಿದ್ದ. ಮಣ್ಣು ತಿಂದಂತೆ ತಿನ್ನುತ್ತಿದ್ದವನು ಎಲೆ ಬಳಿದು ಉಂಡ. "ನೀನೂ ಕುಂತ್ಕಳೇ," ಎಂದು ಪಕ್ಕದಲ್ಲಿ ಅವಳಿಗೂ ಎಲೆ ಹಾಕಿದ. ಅವಳು ಕೂರುವ ಮೊದಲು ಅವನ ಮುಖವನ್ನು ಒಂದು ಸಲ ಪರೀಕ್ಷಿಸಿದಳು, ಜ್ವರ ಗಿರ ಏನಾದರೂ ಬಂದಿದೆಯೋ ಎಂಬಂತೆ.

ವೆಂಕಟರಂಗಯ್ಯ ಕೈ ತೊಳೆದು ಬಂದು, "ಬೀಗ್ರೇ, ನಮ್ಮೂರ ಹರಕೆ ಊಟಕ್ಕೂ ನೀವೇ ಬರ್ಬೇಕು," ಅಂದರು.

ಚಿಕ್ಕರಂಗಯ್ಯ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನನ್ನೊಬ್ನೇ ಕರೆದ್ರೆ ಸಾಲ್ದು. ನಂಗೆ ವಾಸ್ನೆ ಬರಲ್ಲ. ಮೂಗು ಇಲ್ ಕುಂತದೆ ನೋಡಿ, ಅದನ್ನೂ ಕರೀರಿ."

ಮೂಗು ಬಾಯಿಗೆ ತುತ್ತಿಡುತ್ತಿತ್ತು. ತುತ್ತು ನುಂಗಿ, ನೀರು ಕುಡಿದು, ನಿಧಾನವಾಗಿ ಉತ್ತರ ಕೊಟ್ಟಿತು:

"ಬರ್ತೀವಿ ಕಣಣ್ಣ. ಒಣಗಿದ ಸೌದೆ ಇಡ್ಸಿ."