ಕಳ್ಳಿ ಪಾತಿಯ ತುಳಸಿ

ಹೊಸ ಕಾರ್ಪೆಟ್ಟಿನ ವಾಸನೆ ನಿಮಗೆ ಗೊತ್ತಲ್ಲ, ರಬ್ಬರೂ ಅಂಟೂ ಬೆರೆತದ್ದು? ಅದು ಮೂಗಿಗೆ ಬಡಿದರೆ ಸಾಕು, ನನಗೆ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಮಗಳು ಮೇಘಾ ಅಟ್ಲಾಂಟಾದಿಂದ ಡ್ರೈವ್ ಮಾಡಿಕೊಂಡು ಬಂದವಳು ಅಂಥದೇ ಒಂದು ತುಂಡನ್ನು ಡೈನಿಂಗ್ ಟೇಬಲ್ ಮೇಲೆ ಹರಡಿದಳು. ಹೋದ ತಿಂಗಳು ನಾನು ನಮ್ಮ ಮನೆಯ ಹಾಲ್‌ನೊಳಗಿರುವ ತುಳಸಿ ಪಾತಿಯ ಅಂಚು ಎಡವಿ ಬಿದ್ದಿದ್ದೆ. "ಅಮ್ಮಾ, ಆ ಪಾತಿ ಫಿಲ್ ಮಾಡಿಸೋಣ. ಮೇಲೆ ಕಾರ್ಪೆಟ್. ಪ್ಲೀಸ್, ಯು ಆರ್ ನಾಟ್ ಯಂಗ್," ಅಂದಳು. ಬೇರೆ ದಿನವಾಗಿದ್ದರೆ ಜಗಳಕ್ಕೆ ಇಳಿಯುತ್ತಿದ್ದೆ. ಮೊಣಕಾಲು ನೋಯುತ್ತಿತ್ತು, ನೋಡೋಣ ಅಂದೆ.

ಹಾಲಿನೊಳಗೆ ತುಳಸಿ ಪಾತಿ ಹೇಗೆ ಬಂತು ಅಂತ ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ.

ತೊಂಬತ್ತರ ದಶಕ. ಮೇರಿಲ್ಯಾಂಡಿನ ಕೊಲಂಬಿಯಾ ಸುತ್ತಮುತ್ತ ನಮ್ಮ ಕನ್ನಡದವರೆಲ್ಲ ಹೊಸ ಟೌನ್‌ಹೌಸ್ ಕೊಳ್ಳುತ್ತಿದ್ದ ಕಾಲ. ನಾನು ಹಟ ಹಿಡಿದು ಕೊಳ್ಳಿಸಿದ್ದು ಐವತ್ತರ ದಶಕದ ಈ ಮನೆಯನ್ನು. ಚಪ್ಪಟೆ ಸೂರು, ದಕ್ಷಿಣಕ್ಕೆ ಗೋಡೆಯೇ ಇಲ್ಲ, ಬರೀ ಗಾಜು. ಅರಿಜೋನಾದಲ್ಲಿ ಬೆಳೆದ ಯಾರೋ ಪುಣ್ಯಾತ್ಮ ತನ್ನೂರಿನ ನೆನಪಿಗೆ, ಹಿಮ ಬೀಳುವ ಮೇರಿಲ್ಯಾಂಡಿನಲ್ಲಿ ಮರಳುಗಾಡಿನ ಮನೆ ಕಟ್ಟಿಸಿದ್ದನಂತೆ. ಆಮೇಲೆ ಬಂದವರು ಕಿತ್ತಳೆ ಬಣ್ಣದ ಕಾರ್ಪೆಟ್ ಹಾಸಿ, ಚೆಂದದ ಮರದ ಸೂರಿಗೆ ಸುಣ್ಣದಂಥ ಬಿಳಿ ಬಣ್ಣ ಬಳಿದು ಅದರ ಮಾನ ಕಳೆದಿದ್ದರು. ನೋಡಲು ಬಂದ ಗೆಳತಿಯೊಬ್ಬಳು, "ಇದೇನೇ, ಮನೇನೋ ಗ್ಯಾಸ್ ಸ್ಟೇಷನ್ನೋ?" ಅಂದುಬಿಟ್ಟಳು.

ರಜೆ ಬಂದರೆ ಸಾಕು, ನಾನೂ ನಮ್ಮವರೂ ಏಣಿ ಹತ್ತಿ ಸೂರಿನ ಬಣ್ಣ ಕೆರೆಯುತ್ತಿದ್ದೆವು. ಕತ್ತು ಹಿಡಿದುಕೊಂಡು, ಸೋಮವಾರ ಆಫೀಸಿನಲ್ಲಿ ಆಕಾಶ ನೋಡುತ್ತಲೇ ಎಲ್ಲರನ್ನೂ ಮಾತಾಡಿಸುತ್ತಿದ್ದೆ. ಕಾರ್ಪೆಟ್ ಕಿತ್ತ ದಿನ ಮಾತ್ರ ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಕೆಳಗೆ ಮೊಸಾಯಿಕ್! ನಮ್ಮ ಮೈಸೂರಿನ ಮನೆಯಲ್ಲಿದ್ದಂಥದೇ, ಬೂದು ಸಿಮೆಂಟಿನಲ್ಲಿ ಕಪ್ಪು ಬಿಳಿ ಕಲ್ಲಿನ ಚೂರು. ಗಾಜಿನ ಪಕ್ಕ ಹಲಗೆ ಹೊಡೆದು ಮುಚ್ಚಿದ ಜಾಗವೊಂದಿತ್ತು. ಎತ್ತಿ ನೋಡಿದರೆ ಅಲ್ಲಿ ನೆಲ ಹಾಕಿರಲೇ ಇಲ್ಲ. ಮರಳು, ಅದರಲ್ಲಿ ಒಣಗಿದ ಕಳ್ಳಿಯ ಬುಡ. ಆ ಪುಣ್ಯಾತ್ಮ ಹಾಲಿನಲ್ಲೇ ಕಳ್ಳಿ ಬೆಳೆಸಿದ್ದ!

"ಕಾಂಕ್ರೀಟ್ ಸುರಿದು ಮುಚ್ಚಿಬಿಡೋಣ ಕಣೇ. ಒಂದು ಕಾರ್ಪೆಟ್ ಹಾಸಿದ್ರೆ ಕಾಲೂ ಬೆಚ್ಚಗಿರತ್ತೆ," ಅಂದರು ನಮ್ಮವರು. ಇಷ್ಟು ದಿನ ಕೆರೆದದ್ದೆಲ್ಲ ಇದಕ್ಕಾ? ನನಗೆ ಅಳುವೇ ಬಂತು.

ಆ ಬೇಸಿಗೆಗೆ ಬಂದಿದ್ದ ಅತ್ತೆ ಸೀರೆ ಮಡಿಕೆಯಲ್ಲಿ ಒಣಗಿದ ತುಳಸಿ ಕದಿರು ತಂದಿದ್ದರು. ಮರಳು ತೆಗೆದು ಒಳ್ಳೆ ಮಣ್ಣು ತುಂಬಿ ಅಲ್ಲೇ ಉದುರಿಸಿದೆ. "ತುಳಸೀನ ಮನೆ ಒಳಗೆ ಇಡ್ತಾರೇನೇ?" ಅಂತ ಅತ್ತೆ ಹುಬ್ಬು ಗಂಟಿಕ್ಕಿದರು. "ತೊಟ್ಟಿ ಮನೆ ಅಂದ್ಕೊಳ್ಳಿ ಅತ್ತೆ. ಇಲ್ಲಿ ತೊಟ್ಟಿಗೆ ಗಾಜು ಹಾಕಿದ್ದಾರೆ ಅಷ್ಟೆ," ಅಂದೆ. ಅವರಿಗೆ ನಗು ಬಂತು, ಮರುದಿನದಿಂದ ನೀರು ಹಾಕುವ ಕೆಲಸ ತಾವೇ ವಹಿಸಿಕೊಂಡರು. ನಮ್ಮವರು ಮಾತ್ರ ಪಂದ್ಯ ಕಟ್ಟಿದರು: "ಈ ಚಳಿಗಾಲ ದಾಟಿದ್ರೆ ಪಾತಿ ನಿಂದು. ಸತ್ತರೆ ಕಾಂಕ್ರೀಟು, ಕಾರ್ಪೆಟ್ಟು, ಎರಡೂ."

ಎಲ್ಲರ ಮನೆಯ ತುಳಸಿಯೂ ಡಿಸೆಂಬರಿಗೆ ಕುಂಡದಲ್ಲೇ ಕಡ್ಡಿಯಾಗುತ್ತಿದ್ದ ಕಾಲ ಅದು. ನಮ್ಮದು ಗಾಜಿನ ಬಿಸಿಲು ಕುಡಿದು ಹಸಿರಾಗಿಯೇ ನಿಂತಿತ್ತು. ಜನವರಿಯಲ್ಲಿ ಮಂಜುಗಡ್ಡೆಯ ಮಳೆ ಸುರಿದು ಕರೆಂಟೇ ಹೋಯಿತು. ಹೀಟರ್ ಇಲ್ಲ. ಮುಗೀತು ಅಂದುಕೊಂಡೆ. ಬೆಳಗ್ಗೆ ಎದ್ದು ಬಂದು ನೋಡಿದರೆ ತುಳಸಿಯ ಸುತ್ತ ನಮ್ಮವರ ಮಫ್ಲರ್, ತಲೆಯ ಮೇಲೆ ಅವರದೇ ಮಂಕಿ ಕ್ಯಾಪ್! "ಪಂದ್ಯ ಸೋಲ್ತೀರಲ್ರೀ," ಅಂದೆ. "ಪಂದ್ಯ ಬೇರೆ. ಪಾಪ, ಅದಕ್ಕೆ ಚಳಿಯಾಗಲ್ವೇನೇ?" ಅಂದರು.

ಮುಂದಿನ ಉತ್ಥಾನ ದ್ವಾದಶಿಗೆ ತುಳಸಿ ನನ್ನ ಸೊಂಟದೆತ್ತರ. ಊರಿನ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಬಂದು ಪಾಲಿಶ್ ಮಾಡಿಸಿದ ಮೊಸಾಯಿಕ್ ಮೇಲೆ ಕೂತರು. ಗ್ಯಾಸ್ ಸ್ಟೇಷನ್ ಅಂದವಳೇ ಮೊದಲು ಸಸಿ ಕೇಳಿದಳು. ನನಗೆ ಹೆಮ್ಮೆಯೋ ಹೆಮ್ಮೆ. ಯಾಕೆ ಪಡಬಾರದು ಹೇಳಿ? ಮೇಘಾ ಅಂಬೆಗಾಲಿಟ್ಟದ್ದೂ ಆ ನೆಲದ ಮೇಲೆಯೇ. ಈಗಿರುವುದು ಆಗಿನ ಗಿಡವಲ್ಲ, ಉದುರಿದ ಬೀಜದಿಂದ ತಾನೇ ಎದ್ದ ಅದರ ಮರಿಮೊಮ್ಮಗಳು. ನಮ್ಮವರು ಬಂದವರಿಗೆಲ್ಲ "ಬದುಕಿಸಿದ್ದು ನಾನು" ಅಂತ ಈಗಲೂ ಕೊಚ್ಚಿಕೊಳ್ಳುತ್ತಾರೆ.

ಭಾನುವಾರ ಹೊರಡುವ ಹೊತ್ತಿಗೆ ಮೇಘಾ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. "ಅಮ್ಮಾ, ನನ್ನ ತುಳಸಿ ಸತ್ತೋಯ್ತು. ಕ್ಯಾನ್ ಐ ಹ್ಯಾವ್ ಅನದರ್ ಒನ್?"

"ತಗೋ. ಇದೂ ಸತ್ತರೆ ಆಮೇಲೆ ಎಲ್ಲಿಂದ ತರ್ತೀಯ, ಕಾಂಕ್ರೀಟಿನಿಂದಾನಾ?"

ಅವಳು ಸಸಿಯೊಂದನ್ನು ಬೇರುಸಮೇತ ಎತ್ತಿ ಕುಂಡಕ್ಕೆ ಹಾಕಿಕೊಂಡಳು. ಕೈಯ ಮಣ್ಣು ಒರೆಸಿಕೊಂಡು, "ಓಕೆ. ಬಟ್ ಸುತ್ತ ರೇಲಿಂಗ್ ಹಾಕಿಸ್ತೀನಿ. ನೀನು ಹಿಡ್ಕೊಂಡೇ ನಡೀಬೇಕು," ಅಂದಳು.

"ಆಗಲಿ ಮಹಾತಾಯಿ," ಅಂದೆ. ಬೇರೆಯವರ ಆಸರೆ ಹಿಡಿಯಲು ಒಪ್ಪಿದ್ದು ಅದೇ ಮೊದಲು, ಆದರೂ ಮನಸ್ಸು ಹಗುರವಾಗಿತ್ತು.

ಕಾರಿನ ಸೀಟಿನ ಮೇಲೆ ಕುಂಡ ಜಾರುತ್ತಿತ್ತು. ಅವಳು ಒಳಗೆ ಓಡಿ ಬಂದು, ಟೇಬಲ್ ಮೇಲಿದ್ದ ಕಾರ್ಪೆಟ್ ತುಂಡು ಒಯ್ದು ಕುಂಡದ ಕೆಳಗೆ ಹಾಸಿ ಸೀಟ್ ಬೆಲ್ಟ್ ಬಿಗಿದಳು. ನಮ್ಮವರು ಬಾಗಿಲಲ್ಲೇ ನಿಂತು ಕೂಗಿದರು: "ಮಂಕಿ ಕ್ಯಾಪ್ ಕೊಡ್ಲೇನೇ?"