ಆಷಾಢದಲ್ಲಿ ಖಾಲಿ ಬಿದ್ದ ಮನೆ

ತಿಕೋಟಾ ರಸ್ತೆಯ ಇಕ್ಕೆಲಗಳಲ್ಲಿ ದ್ರಾಕ್ಷಿಬಳ್ಳಿ ಕಿತ್ತು ನೆಟ್ಟ ಪ್ಲಾಟುಗಳ ಹಳದಿ ಕಲ್ಲುಗಳನ್ನು ಕಂಡಾಗಲೆಲ್ಲ ನನಗೆ ತಿರಸ್ಕಾರ ಹುಟ್ಟುತ್ತದೆ. ನಿನ್ನೆಯವರೆಗೆ ಬಟ್ಟೆ ಅಳೆಯುತ್ತಿದ್ದವರು ಇಂದು ಭೂಮಿ ಅಳೆಯುತ್ತಾರೆ. ಅಂಥವನೊಬ್ಬನ ಮಾತು ಕೇಳಿ ನಾನು ಕೆಟ್ಟೆನೆಂಬುದನ್ನು ಮೊದಲೇ ಬರೆದುಬಿಡುವುದು ಲೇಸು.

ಬಬಲೇಶ್ವರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ವ್ಯಾಕರಣ ಕಲಿಸಿ ಹೊರಬಂದಾಗ ಪಿಂಚಣಿ ಇರಲಿಲ್ಲ. ಕೈಗೆ ಬಂದ ಇಡಿಗಂಟಿನಲ್ಲಿ ವಿಜಯಪುರದ ಭೂತನಾಳದ ಕಡೆಗೆ ಸಣ್ಣ ಮನೆಯೊಂದನ್ನು ಕೊಂಡು ಬಾಡಿಗೆಗೆ ಕೊಟ್ಟೆ. ನಮ್ಮ ಸಂಸಾರ ಆ ಬಾಡಿಗೆಯಿಂದಲೇ ನಡೆಯುತ್ತಿತ್ತು. ಆರು ವರ್ಷ ಅಲ್ಲಿದ್ದವಳು ಒಬ್ಬ ನರ್ಸ್, ಜೊತೆಗೆ ಅವಳ ತಾಯಿ. ಕರಾರುಪತ್ರವನ್ನು ನಾನೇ ಬರೆದಿದ್ದೆ. ಅದರಲ್ಲಿ ಹದಿನಾಲ್ಕು ಷರತ್ತುಗಳಿದ್ದವು. ಗೋಡೆಗೆ ಮೊಳೆ ಹೊಡೆಯಬಾರದೆಂಬುದು ಮೂರನೆಯದು. ಅವಳು ಒಂದನ್ನೂ ಮುರಿಯಲಿಲ್ಲ.

ಮನೆಗಳ ಬೆಲೆ ನೆಲಕಚ್ಚಲಿದೆಯೆಂಬ ಸುದ್ದಿಗಳನ್ನು ಓದಿ ಓದಿ ನಾನು ಹೆದರಿದ್ದ ಹೊತ್ತಿಗೆ ತಿಕೋಟಾದ ದಲ್ಲಾಳಿ ಬಂದ. ಒಂದು ವಾಕ್ಯವನ್ನೂ ವ್ಯಾಕರಣಬದ್ಧವಾಗಿ ಆಡದ ಮನುಷ್ಯ.

"ಮಾಸ್ತರ, ರೇಟು ಉಬ್ಬಿ ನಿಂತೈತ್ರಿ. ದೀಪಾವಳಿ ಅನ್ನೂದ್ರಾಗ ಕುಸಿದು ಕುಂದರತೈತಿ. ಕೊಳ್ಳಾಕ ಕಾಖಂಡಕಿ ಪಾರ್ಟಿ ಐತಿ ನನ್ನ ಕಡೆ. ಮನಿ ಖಾಲಿ ಮಾಡಿಸಿ ಕೊಡ್ರಿ."

ಶ್ರಾವಣದವರೆಗೆ ಅವಕಾಶ ಕೊಡಿರೆಂದು ನರ್ಸ್ ಕೇಳಿಕೊಂಡಳು. ಒಂದು ತಿಂಗಳ ನೋಟಿಸೆಂದು ಕರಾರಿನಲ್ಲಿದೆ ಎಂದು ನಾನು ಲಿಖಿತವಾಗಿ ಉತ್ತರಿಸಿದೆ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಅವರು ಸಾಮಾನು ಸಾಗಿಸಿದರು. ಅಮಾವಾಸ್ಯೆ ಕಳೆದ ಮರುದಿನವೇ ಆಷಾಢ. ಆ ತಿಂಗಳು ನಮ್ಮಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ, ಬಾಡಿಗೆಮನೆಗೂ ಹೊಸದಾಗಿ ಕಾಲಿಡುವುದಿಲ್ಲ. ಆಧಾರವಿಲ್ಲದ ನಂಬಿಕೆಯೆಂದು ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಊರು ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಾಖಂಡಕಿಯವನು ಶ್ರಾವಣಕ್ಕೆ ಬರುತ್ತೇನೆಂದ; ಬಾಡಿಗೆಗೆ ಕೇಳುವವರೂ ಹಾಗೆಯೇ ಅಂದರು.

ಶ್ರಾವಣದಲ್ಲಿ ಅವನು ಬಂದು, ಧೂಳು ಹಿಡಿದ ಕೋಣೆಗಳಲ್ಲಿ ಒಂದು ಸುತ್ತು ಹಾಕಿದ.

"ಆಷಾಢಪೂರ್ತಿ ಖಾಲಿ ಬಿದ್ದ ಮನಿ ಅಂದ್ರ ಏನೋ ಐತ್ರಿ ಇದ್ರಾಗ."

ಕಾಲುಭಾಗ ಬೆಲೆ ಇಳಿಸಿ ಕೇಳಿದ. ಬಾಡಿಗೆಯವರು ಬಿಟ್ಟುಹೋದದ್ದು ಜ್ಯೇಷ್ಠದಲ್ಲೆಂದು ನಾನು ಕ್ಯಾಲೆಂಡರ್ ತೋರಿಸಿ ವಾದಿಸಿದೆ. ದಲ್ಲಾಳಿ ನನ್ನ ಎದುರಿಗೇ ಅವನ ಮಾತಿಗೆ ತಲೆಯಾಡಿಸಿದ. ಅದೇ ವಾರ ಪಕ್ಕದ ಮನೆ, ನನ್ನದಕ್ಕಿಂತ ಹಳೆಯದು, ಒಳ್ಳೆಯ ಬೆಲೆಗೆ ಹೋಯಿತು. ಇಡೀ ಬಡಾವಣೆಯಲ್ಲಿ ಬೆಲೆ ಕುಸಿದದ್ದು ನನ್ನದೊಂದೇ ಮನೆಗೆ, ಆ ಬೆಲೆ ಕೆಡವಿದವನು ನಾನೇ.

ಮಾರಲಿಲ್ಲ. ಅವನ ಮಾತು ಹಬ್ಬಿ, ಶ್ರಾವಣಕ್ಕೆ ಬರುತ್ತೇವೆಂದಿದ್ದ ಬಾಡಿಗೆಯವರೂ ಬರಲಿಲ್ಲ. ನರ್ಸಿನ ಹೊಸ ಮನೆಯನ್ನು ಹುಡುಕಿಕೊಂಡು ಹೋದೆ. ಬಾಡಿಗೆ ಕಡಿಮೆ ಮಾಡುವೆ, ಮರಳಿ ಬನ್ನಿರೆಂದೆ. ಚಹಾ ಕೊಟ್ಟಳು. ಗೋಡೆಯ ತುಂಬ ಫೋಟೋಗಳು, ತಂದೆಯ ಚಿತ್ರ, ತಾಯಿಯ ಔಷಧಿಯ ಚೀಲ.

"ಇಲ್ಲಿ ಮೊಳಿ ಬಡದೇವ್ರಿ ಸರ್," ಎಂದಳು. "ಇನ್ನ ಎಲ್ಲಿ ಕೀಳೂದು?"

ಆರು ವರ್ಷ ಆ ಫೋಟೋಗಳು ಟ್ರಂಕಿನಲ್ಲಿದ್ದವಂತೆ. ಈಗ ನಾನು ವಾರಕ್ಕೊಮ್ಮೆ ಆ ಮನೆಯ ಬೀಗ ತೆಗೆದು ಕಸ ಗುಡಿಸಿ ಬರುತ್ತೇನೆ. ಗೋಡೆಗಳಲ್ಲಿ ಒಂದು ತೂತೂ ಇಲ್ಲ.